ಪಟ ವಾಪಸ್

ನಮ್ಮ ಥಿಯೇಟರಿನಲ್ಲಿ ಯಾರಿಗೂ ಬಾಯಿಬಿಟ್ಟು ಹೋಗು ಅನ್ನುತ್ತಿರಲಿಲ್ಲ. ಸೋಮವಾರ ಮಧ್ಯಾಹ್ನದ ಮೊದಲ ಆಟ ಮುಗಿದ ಮೇಲೆ ಬೇಡವಾದ ಆಟಗಾರರಿಗೆ ಅವರವರ ಫೋಟೋ ಪಟಗಳನ್ನು ಹಿಂದಕ್ಕೆ ಕೊಡುತ್ತಿದ್ದರು, ಅಷ್ಟೆ. ವಾರದ ಆಟಕ್ಕೆಂದು ಬೆಳಿಗ್ಗೆ ರೈಲಿಳಿದವರು ತಮ್ಮ ಪಟ ತಂದುಕೊಟ್ಟರೆ ಮುಂದಿನ ಹಜಾರದಲ್ಲಿ ತೂಗುಹಾಕುವುದು ನನ್ನ ಕೆಲಸ. ಹಾಡುವವರು, ನಾಯಿ ಕುಣಿಸುವವರು, ಜನರನ್ನು ನಗಿಸುವವರು, ಲಾಗ ಹಾಕುವವರು, ಎಲ್ಲರದೂ. ಆಮೇಲೆ ಟಿಕೆಟ್ ಕಿಂಡಿಯಲ್ಲಿ ಕೂರುತ್ತಿದ್ದೆ. ಮ್ಯಾನೇಜರ್ ಹ್ಯಾಸ್ಕೆಲ್ ಬ್ರೂಮ್ ಕೊನೆಯ ಸಾಲಿನಲ್ಲಿ ಕೂತು ಒಬ್ಬೊಬ್ಬರನ್ನೂ ತೂಗಿ ನೋಡುವರು. ಯಾರದು ಸಾಲದು ಅನ್ನಿಸಿತೋ ಅವರ ಪಟ ಇಳಿಸಿ ಅಂತ ನನಗೆ ಹೇಳುವರು. ಪಟ ಕೈಗೆ ಬಂದವರು ಯಾಕೆ ಅಂತ ಕೇಳುವ ರೂಢಿ ಇರಲಿಲ್ಲ. ಹೆಸರು ಮಾಡಿದವರೂ ತುಟಿ ಬಿಗಿಹಿಡಿದು ಪೆಟ್ಟಿಗೆ ಕಟ್ಟಿ ರೈಲು ಹತ್ತುತ್ತಿದ್ದರು. ಬ್ರೂಮ್ ಬರೆದ ಮಾತು ಆಟದವರನ್ನು ಊರೂರಿಗೆ ಗೊತ್ತುಮಾಡುವ ನ್ಯೂಯಾರ್ಕಿನ ಕಚೇರಿಗೆ ಹೋಗಿ, ಅಲ್ಲಿಂದ ಊರೂರಿನ ಥಿಯೇಟರಿಗೂ ಮುಟ್ಟುತ್ತಿತ್ತು.

ಆ ಸೋಮವಾರ ಹಾವ್ಲಿಕ್ ಅಪ್ಪ ಮಗಳು ಬಂದಿದ್ದರು. ಬೊಹೀಮಿಯಾ ಕಡೆಯ ಜನ. ಅಪ್ಪ ವಾಕ್ಲಾವ್ ಉದ್ದನೆಯ ಕಂಬವನ್ನು ಭುಜದ ಮೇಲೆ ನಿಲ್ಲಿಸಿಕೊಳ್ಳುವನು. ಮಗಳು ಲುಡ್ಮಿಲಾ ಅದನ್ನು ಹತ್ತಿ ತುದಿಯಲ್ಲಿ ತಲೆಕೆಳಗಾಗಿ ನಿಲ್ಲುವಳು. ಅವಳು ಅಲ್ಲಿ ನಿಂತ ಹೊತ್ತಿಗೆ ಅಪ್ಪ ಕಂಬದಿಂದ ಕೈ ಬಿಡುವನು. ಕೆಳಗೆ ಬಲೆಯಿಲ್ಲ. ಅವತ್ತು ಕಂಬ ಗಾಳಿಗೆ ಸಿಕ್ಕ ಜೊಂಡಿನ ಹಾಗೆ ನಡುಗಿತು. ಮೇಲಿನ ಅಗ್ಗದ ಸೀಟುಗಳಲ್ಲಿ ರಾತ್ರಿ ಪಾಳಿಯ ಗಿರಣಿ ಜನ ಕೂತಿದ್ದರು, ಒಬ್ಬರೂ ಕೆಮ್ಮಲಿಲ್ಲ. ಹುಡುಗಿ ನೆಲಕ್ಕೆ ಇಳಿದಾಗ ಎಲ್ಲರೂ ಎದ್ದು ನಿಂತು ಕಾಲಿನಿಂದ ಹಲಗೆ ಕುಟ್ಟಿದರು.

ಬ್ರೂಮ್ ಕೈ ಉಜ್ಜಿಕೊಳ್ಳುತ್ತ ಕಿಂಡಿಗೆ ಬಂದರು. "ಮಿಸೆಸ್ ಡೋಲನ್, ಹಾವ್ಲಿಕ್‌ನ ಪಟ ಬಾಗಿಲ ಎದುರಿಗೇ ಹಾಕಿ. ಸಂಜೆಯಿಂದ ಕೊನೆಯ ದೊಡ್ಡ ಆಟ ಅವರದೇ. ಮುದುಕ ಆ ನಡುಕ ಎಲ್ಲಿ ಕಲಿತನೋ, ಜನರ ಜೀವ ಬಾಯಿಗೆ ತರ್ತಾನೆ."

ಅವರು ಅತ್ತ ಹೋದದ್ದೇ ತಡ, ಲುಡ್ಮಿಲಾ ಬಂದಳು. ಮೈಮೇಲೆ ಆಟದ ಬಟ್ಟೆ, ಅದರ ಮೇಲೊಂದು ಹಳೆ ಕೋಟು. ಹತ್ತೊಂಬತ್ತು ಇಪ್ಪತ್ತರ ಹುಡುಗಿ.

"ಡೋಲನಮ್ಮ, ಪಟ ಇಳಿಸೋರು ನೀವೇ ಅಂತೆ. ನಮ್ಮದನ್ನ ಇಳಿಸಿ ಕೊಡಿ."

"ಅಯ್ಯೋ ಹುಚ್ಚಿ, ನಿಮ್ಮದನ್ನ ಮುಂದಕ್ಕೆ ಹಾಕು ಅಂದಿದಾರೆ."

"ಗೊತ್ತು. ಅದಕ್ಕೇ ಕೇಳ್ತಿರೋದು." ಅವಳು ಹಿಂದೆ ತಿರುಗಿ ನೋಡಿದಳು. "ಅಪ್ಪನ ಆ ನಡುಕ ಆಟ ಅಲ್ಲ. ನಿಜವಾದ್ದು. ದಿನಾ ಹೆಚ್ತಿದೆ. ಬಿಡೋಣ ಅಂದ್ರೆ ಅಪ್ಪ ನನ್ನ ಮಾತು ಕೇಳಲ್ಲ. ಪಟ ವಾಪಸ್ ಬಂದ್ರೆ ಮಾತ್ರ ಕೇಳ್ತಾನೆ. ಪಟದ ಎದುರಿಗೆ ಯಾರೂ ವಾದ ಮಾಡಲ್ಲ ಅಲ್ವಾ?"

ಇದು ನನ್ನ ಕೈಯಲ್ಲಿ ಇರುವ ಕೆಲಸವಲ್ಲ ಅಂದೆ. ಅವಳ ಮೊಣಕೈ ಹಿಡಿದು ಬ್ರೂಮ್ ಅವರ ಕೋಣೆಗೆ ಕರೆದುಕೊಂಡು ಹೋದೆ.

ಬ್ರೂಮ್ ಕೆಟ್ಟ ಮನುಷ್ಯರಲ್ಲ. ಆದರೆ ಆ ವಾರ ಹಾಡುವವಳಿಗೆ ಗಂಟಲು ಕಟ್ಟಿತ್ತು, ನಗಿಸುವವನ ಮಾತಿಗೆ ಯಾರೂ ನಕ್ಕಿರಲಿಲ್ಲ. ಜನ ಎದ್ದು ನಿಂತದ್ದು ಈ ಒಂದಕ್ಕೇ. ಅವರು ಚುರುಟು ಕಚ್ಚಿಕೊಂಡೇ ಕೇಳಿಸಿಕೊಂಡರು.

"ಅಲ್ಲಮ್ಮಾ, ನಾನು ನೋಡೋದು ಆಟನ, ಆಡೋರ ಮನೆ ಕಷ್ಟನಲ್ಲ."

"ಹಾಗಾದ್ರೆ ಸಂಜೆ ಕೊನೇ ಆಟದಲ್ಲಿ ನಾನು ಬಿದ್ದರೆ ಅದನ್ನೂ ಆಟ ಅಂತಲೇ ನೋಡ್ತೀರಾ?" ಅಂದಳು. ದನಿ ಏರಿಸಲಿಲ್ಲ.

ಬ್ರೂಮ್ ಚುರುಟು ಕೆಳಗಿಟ್ಟರು. "ಪಟ ಇಳಿಸಿ, ಮಿಸೆಸ್ ಡೋಲನ್."

ನಾನೇ ಇಳಿಸಿದೆ. ವಾಕ್ಲಾವ್‌ಗೆ ಮುಟ್ಟಿಸು ಅಂತ ನಾನೇ ಹಿಂಬಾಗಿಲ ಕಾವಲಿನವನ ಕೈಗೆ ಕೊಟ್ಟೆ. ಇನ್ನು ಮುಗಿಯಿತು ಅಂದುಕೊಂಡು ಮತ್ತೆ ಬ್ರೂಮ್ ಅವರ ಕೋಣೆಗೆ ಹೇಳಲು ಹೋದರೆ, ಬೆನ್ನಿಗೇ ವಾಕ್ಲಾವ್ ಬಂದ. ಕಂಕುಳಲ್ಲಿ ಪಟಗಳು, ಮುಖದಲ್ಲಿ ಅರ್ಧ ಒರೆಸಿದ ಬಣ್ಣ. ಹಿಂದೆ ಮಗಳು. ಯಾರೂ ಮಾಡದ ಕೆಲಸವನ್ನು ಅವನು ಮಾಡಿದ. ಯಾಕೆ ಅಂತ ಕೇಳಿದ.

"ಎಲ್ಲಿ ತಪ್ಪಿದೆ ಹೇಳಿ ಸಾಹೇಬ್ರೆ. ನನಗೆ ತಿಳೀಬೇಕು."

ಬ್ರೂಮ್ ಕಿಟಕಿ ಕಡೆ ನೋಡಿದರು. "ಹಳೇ ಆಟ ಕಣಯ್ಯ. ಈ ಊರಿನೋರಿಗೆ ನೋಡಿ ನೋಡಿ ಸಾಕಾಗಿದೆ."

"ಸಾಕಾದೋರು ಎದ್ದು ನಿಂತ್ರಾ?"

"ಪಾಪ ಅಂತ ನಿಂತ್ರು," ಅಂದುಬಿಟ್ಟರು ಬ್ರೂಮ್. ಒಳ್ಳೆಯದಕ್ಕೆಂದು ಹೇಳಿದ ಸುಳ್ಳು ಅಷ್ಟು ದೂರ ಹೋಗಬೇಕಾಗಿರಲಿಲ್ಲ. "ವಯಸ್ಸಾದವನು, ಎಷ್ಟು ಕಷ್ಟಪಡ್ತಾನೆ ಅಂತ."

ಮುದುಕನ ಕೆನ್ನೆ ಯಾರೋ ಹೊಡೆದ ಹಾಗೆ ಒಂದು ಕಡೆ ಎಳೆದುಕೊಂಡಿತು. ಲುಡ್ಮಿಲಾಗೆ ಅದನ್ನು ನೋಡಿ ನಿಲ್ಲಲು ಆಗಲಿಲ್ಲ.

"ಅವರಲ್ಲ ಅಪ್ಪ. ನಾನೇ ಕೇಳ್ದೆ. ಪಟ ವಾಪಸ್ ಕೊಡಿ ಅಂತ ನಾನೇ ಬಂದು ಕೇಳ್ದೆ. ಕಂಬ ನಡುಗ್ತಿದೆ."

ಬೈಯುತ್ತಾನೆ ಅಂದುಕೊಂಡೆ. ಅವನು ಹತ್ತಿರದ ಕುರ್ಚಿಯಲ್ಲಿ ಕೂತು, ಭಾರ ಇಳಿದವನ ಹಾಗೆ ಉಸಿರು ಬಿಟ್ಟ.

"ಅಂತೂ ನೀನೇ ಬಾಯಿಬಿಟ್ಟು ಹೇಳಿದೆಯಲ್ಲ. ಒಳ್ಳೇದಾಯ್ತು ಮಗಳೇ. ಸ್ಕ್ರ್ಯಾಂಟನ್‌ನಲ್ಲಿ ಆಡುವಾಗ ಜಾರಿದ ಮೇಲೆ ನಿನಗೆ ಕಂಬ ಅಂದ್ರೆ ಹೆದರಿಕೆ ಹತ್ತಿದೆ ಅಂತ ನನಗೆ ಗೊತ್ತಿತ್ತು. ನಿನ್ನ ಕಾಲು ನಡುಗೋದು ಕಂಬದಲ್ಲಿ ಇಳಿದು ನನ್ನ ಭುಜಕ್ಕೆ ಬರುತ್ತೆ. ಜನಕ್ಕೆ ಗೊತ್ತಾಗಬಾರದು, ನಿನ್ನ ಹೆಸರು ಕೆಡಬಾರದು ಅಂತ ನಾನೇ ಬೇಕಂತಲೇ ಕಂಬನ ಆಡಿಸ್ತಿರೋ ಹಾಗೆ ತೋರಿಸ್ತಿದ್ದೆ."

ಲುಡ್ಮಿಲಾ ನನ್ನ ಮುಖ ನೋಡಿದಳು.

"ನನಗೆ ಹೆದರಿಕೆ ಇಲ್ಲ ಅಪ್ಪ," ಅಂದಳು ಮೆಲ್ಲಗೆ. "ಸ್ಕ್ರ್ಯಾಂಟನ್‌ನಲ್ಲಿ ಕಂಬ ನಡುಗಿತು, ಅದಕ್ಕೆ ಜಾರಿದೆ."

"ಸುಳ್ಳು."

"ನಾನು ಯಾಕೆ ಸುಳ್ಳು ಹೇಳಲಿ?"

ಅವನು ಎದ್ದ. "ಬನ್ನಿ ಸಾಹೇಬ್ರೆ. ನೀವೇ ನೋಡಿ ಹೇಳಿ. ಅದೇ ತಾನೆ ನಿಮ್ಮ ಕೆಲಸ."

ಎರಡು ಆಟಗಳ ನಡುವಿನ ಹೊತ್ತು. ರಂಗದ ಮೇಲೆ ಕಸ ಗುಡಿಸುವಾಗ ಹಚ್ಚುವ ಒಂದೇ ದೀಪ. ಬ್ರೂಮ್ ಎಂದಿನ ಹಾಗೆ ಕೊನೆಯ ಸಾಲಿಗೆ ಹೋಗಲಿಲ್ಲ, ಮುಂದೆಯೇ ನಿಂತರು. ಮಗಳು ಹತ್ತಲು ಕೋಟು ಬಿಚ್ಚಿದಾಗ ವಾಕ್ಲಾವ್ ಕೈ ಅಡ್ಡ ಹಿಡಿದ.

"ನೀನು ಅಲ್ಲೇ ನಿಲ್ಲು. ನೀನಿಲ್ಲದೆ ಹೇಗಿರುತ್ತೆ ನೋಡೋಣ."

ಕಂಬ ಎತ್ತಿ, ಭುಜದ ಚರ್ಮದ ಪಟ್ಟಿಯಲ್ಲಿ ಊರಿ, ಕತ್ತು ಹಿಂದಕ್ಕೆ ಹಾಕಿ ತುದಿಯನ್ನೇ ನೋಡುತ್ತ ನಿಂತ. ಮೊದಲು ಏನೂ ಆಗಲಿಲ್ಲ. ಅವನ ಮುಖದಲ್ಲಿ ಸಣ್ಣ ನಗು ಬಂತು ಕೂಡ. ಎರಡೂ ಕೈ ಬಿಟ್ಟ. ಆಮೇಲೆ ತುದಿ ಅಲುಗಿತು. ಯಾರೂ ಇಲ್ಲದ ತುದಿ. ಅಲುಗಿ, ಸುತ್ತ ತಿರುಗಿ, ನಿಲ್ಲಲೇ ಇಲ್ಲ.

"ಇಳಿಸು ಅಪ್ಪ," ಅಂದಳು ಲುಡ್ಮಿಲಾ.

"ಇರು. ನಾನು ನೋಡ್ಬೇಕು."

ಅವನು ನೋಡಿದ. ಇಷ್ಟು ದಿನ ತುದಿಯಲ್ಲಿ ಮಗಳಿದ್ದಳು, ಅವಳನ್ನೇ ನೋಡುತ್ತಿದ್ದ. ಕಂಬವನ್ನು ಬರೀ ಕಂಬವಾಗಿ ನೋಡಿದ್ದು ಅವತ್ತೇ ಇರಬೇಕು. ಸಾಕಷ್ಟು ಹೊತ್ತಾದ ಮೇಲೆ ಇಳಿಸಿದ. ಕಂಬ ಹೊತ್ತ ಭುಜವನ್ನು ಕೈಯಲ್ಲಿ ಹಿಡಿದುಕೊಂಡು ರಂಗದ ಅಂಚಿಗೆ ಬಂದು ಕೂತ.

"ನ್ಯೂಯಾರ್ಕಿಗೆ ಏನು ಬರೀತೀರಿ?" ಅಂತ ಬ್ರೂಮ್ ಅವರನ್ನು ಕೇಳಿದ.

"ಹಳೇ ಆಟ ಅಂತ ಬರೀತೀನಿ. ಅದರಿಂದ ಯಾರ ಹೆಸರೂ ಕೆಡಲ್ಲ."

ಮುದುಕ ತಲೆ ಆಡಿಸಿದ. ಅವನಿಗೆ ಅದು ಬೇಕಾಗಿತ್ತು ಅಂತ ನನಗೆ ಕಂಡಿತು. ಹಳೇ ಆಟ ಅಂದರೆ ಬೇರೆ ಊರಿನಲ್ಲಿ ಇನ್ನಾರೋ ಕರೆದಾರು. ಭುಜ ಹೋಗಿದೆ ಅಂತ ಬರೆದರೆ ಯಾರೂ ಕರೆಯುವುದಿಲ್ಲ, ಇನ್ನೆಂದೂ. ಅವನು ಒಪ್ಪುವನು ಅಂದುಕೊಂಡೆ.

"ಆದರೆ ನಡುಗಿದ್ದು ಊರೆಲ್ಲ ನೋಡಿದೆ," ಅಂದ ಅವನು. "ಸ್ಕ್ರ್ಯಾಂಟನ್‌ನಲ್ಲಿ ಅವಳು ಜಾರಿದ್ದೂ ಗೊತ್ತು. ನೀವು ನಡುಕದ ಬಗ್ಗೆ ಏನೂ ಬರೀದಿದ್ರೆ ತಪ್ಪು ಯಾರ ಮೇಲೆ ಹಾಕ್ತಾರೆ? ಸ್ವಂತ ಅಪ್ಪ ನಾನೇ ಅವಳ ಮೇಲೆ ಹಾಕಿದ್ದೆ."

ಮುದುಕ ಮಗಳ ಕಡೆ ತಿರುಗಿ ನೋಡಿದ.

"ಕಂಬ ಹಿಡಿಯೋ ಗಂಡಸರು ಇನ್ನೂ ಇದಾರೆ. ನಡುಗ್ತಾಳೆ ಅಂತ ತಿಳಿದ್ರೆ ಅವಳನ್ನ ಯಾರು ಹತ್ತಿಸ್ಕೊಳ್ತಾರೆ?"

"ಅಪ್ಪಾ, ಬೇಡ," ಅಂದಳು ಲುಡ್ಮಿಲಾ.

"ನೀನು ಸುಮ್ನಿರು. ಬರೀರಿ ಸಾಹೇಬ್ರೆ. ಹಾವ್ಲಿಕ್‌ನ ಭುಜ ಹೋಗಿದೆ ಅಂತ ಬರೀರಿ. ಹುಡುಗಿ ನಡುಗಲ್ಲ ಅಂತ ಅದರ ಕೆಳಗೇ ಬರೀರಿ."