ಹುಳದ ಮನೆಗೆ ಹೊರಗಿನವರು

ಸುಳ್ಳು ಹೇಳಿದವಳು ನಾನೇ. ಅದೂ ಜಪಸರದ ತಿಂಗಳಲ್ಲಿ, ದೇವರ ಹೆಸರು ಹೇಳಿಕೊಂಡು ಬಾಗಿಲಿಗೆ ಬಂದವರ ಮುಂದೆ.

ಅಕ್ಟೋಬರ್ ಬಂತೆಂದರೆ ಕನಕಪುರದ ಕಡೆಯ ನಮ್ಮ ಕ್ರೈಸ್ತರ ಕೇರಿಯಲ್ಲಿ ದಿನಕ್ಕೊಂದು ಮನೆಯಂತೆ ಸಂಜೆ ಜಪ ನಡೆಯುತ್ತದೆ. ಹನ್ನೆರಡು ವರ್ಷದಿಂದ ಮುಂದೆ ಕೂತು ಹೇಳಿಸುವವಳು ಈ ಲೂರ್ದಮ್ಮ, ಅಂದರೆ ನಾನು. ಯಾರ ಮನೆಯಲ್ಲಿ ಕಷ್ಟ ಬಂದರೂ "ಪ್ರಾರ್ಥನೆ ಮಾಡಿ, ಎಲ್ಲಾ ಸರಿಹೋಯ್ತದೆ" ಎಂದು ಬಿಟ್ಟಿ ಬುದ್ಧಿ ಹೇಳುವವಳೂ ನಾನೇ.

ಈ ಸಲ ನಮ್ಮ ಮನೆಯ ಸರದಿಗೆ ಒಂದು ದಿನ ಮುಂಚೆ ನಮ್ಮ ಯಜಮಾನರು ಸವೇರಪ್ಪ, ಸೊಪ್ಪಿನ ಹೊರೆ ಸಮೇತ ಟಿವಿಎಸ್‌ನಿಂದ ಬಿದ್ದು ಕಾಲು ಮುರಿದುಕೊಂಡರು. ರೇಷ್ಮೆ ಹುಳಗಳು ಆಗಷ್ಟೇ ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು. ಅಲ್ಲಿಂದ ಒಂದು ವಾರ ಅವು ತಿನ್ನುವ ಪರಿಗೆ ಇಬ್ಬರು ಕುಯ್ದ ಸೊಪ್ಪೂ ಸಾಲದು. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಇಡೀ ಬೆಳೆ ತಿಪ್ಪೆಗೆ. ಯಜಮಾನರು ಕಾಲಿಗೆ ಪಟ್ಟಿ ಹಾಕಿಸಿಕೊಂಡು ಜಗಲಿಯ ಮಂಚದಲ್ಲಿ. ಕುಯ್ಯಲು ನಾನೊಬ್ಬಳೇ. ಆಳು ಹುಡುಕೋಣವೆಂದರೆ ಗಟ್ಟಿಮುಟ್ಟಾದವರೆಲ್ಲ ಹಾರೋಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುತ್ತಾರೆ.

ದೇವರ ಮೇಲೆ ನನಗೆ ಕೋಪ ಬಂತು. ಸಣ್ಣ ಕೋಪವಲ್ಲ. ಹನ್ನೆರಡು ವರ್ಷ ಜಪ ಹೇಳಿಸಿದವಳ ಮನೆಯೇ ಸಿಕ್ಕಿತೇ ಅವನಿಗೆ? ಜಪಸರವನ್ನು ಗೂಟಕ್ಕೆ ನೇತುಹಾಕಿದೆ, ಇನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅಂತ ಗಾದೆ ಮಾಡಿದವರು ನನ್ನನ್ನೇ ನೋಡಿ ಮಾಡಿರಬೇಕು.

ಮಾರನೆಯ ಸಂಜೆ ಕೇರಿಯ ಹಿರಿಯ ಇನ್ನಾಸಪ್ಪಜ್ಜನ ಹಿಂದೆ ಎಂಟು ಜನ ಜಪಕ್ಕೆ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಳಕ್ಕೆ ಬರಬ್ಯಾಡಿ. ಹುಳ ಐತೆ. ಹೊರಗಿನೋರು ಬಂದ್ರೆ ರೋಗ ತಗಲ್ತದೆ."

ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ ಎನ್ನುವುದು ನಿಜವೇ. ಮನೆಯವರೂ ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ತೊಳೆದೇ ಹೋಗಬೇಕು. ಆದರೆ ನಮ್ಮ ಹುಳದ ಮನೆ ಇರುವುದು ಹಿತ್ತಲಲ್ಲಿ. ಜಪ ಮಾಡುವ ಪಡಸಾಲೆಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಬಂದವರಿಗೆಲ್ಲ ಗೊತ್ತು.

ನಲವತ್ತು ವರ್ಷ ಹುಳ ಸಾಕಿದ ಇನ್ನಾಸಪ್ಪಜ್ಜ ನನ್ನ ಮುಖವನ್ನೇ ಒಸಿ ಹೊತ್ತು ನೋಡಿದರು. "ಆಯ್ತು ಕಣವ್ವಾ, ಒಳಕ್ಕೆ ಬರಾಕಿಲ್ಲ. ತೋಟಕ್ಕೆ ಬರಬೌದಲ್ವಾ?"

ಅದಕ್ಕೆ ನನ್ನ ಹತ್ತಿರ ಇನ್ನೊಂದು ಸುಳ್ಳು ತಯಾರಿರಲಿಲ್ಲ. ಕುಡುಗೋಲು ಹಿಡಿದು ನಾನೂ ಹೋದೆ, ಜಪಕ್ಕಲ್ಲ, ಸೊಪ್ಪಿಗೆ. ಅವರು ಜಗಲಿಯ ಎದುರಿಗೇ ಇರುವ ಹಿಪ್ಪುನೇರಳೆ ಸಾಲುಗಳ ನಡುವೆ ನಿಂತು ಜಪ ಶುರುಮಾಡಿದರು. ನಾನು ಬೆನ್ನು ತಿರುಗಿಸಿ ಕುಯ್ಯುತ್ತಿದ್ದೆ. ಇಪ್ಪತ್ತು ಮಣಿ ಆದ ಮೇಲೆ ಅಜ್ಜ ಕರೆದರು. "ಮುಂದ್ಕೆ ನೀನೇಳವ್ವಾ."

ಬಾಯಿ ತೆರೆದೆ. ಮಣಿಗೊಂದು ಸಲ ಹೇಳುವ 'ನಮೋ ಮರಿಯಾ' ಬರಲಿಲ್ಲ. ಬಂದದ್ದೇ ಬೇರೆ.

"ಯೇಸಪ್ಪಾ, ನಿಂಗೆ ಕಣ್ ಕಾಣಾಕಿಲ್ವಾ? ಯಜಮಾನ್ರು ಮಲಗವ್ರೆ, ಹುಳ ಹಸ್ಕೊಂಡವೆ. ಸೊಪ್ಪು ಯಾರು ಕುಯ್ಯೋರು? ನೀನು ಬತ್ತೀಯಾ?"

ಇನ್ನಾಸಪ್ಪಜ್ಜ ತಲೆಯ ಟವೆಲ್ಲು ತೆಗೆದು, ಗಂಭೀರವಾಗಿ, "ಆಮೆನ್" ಅಂದರು. ಉಳಿದವರು ಅಭ್ಯಾಸಬಲದಿಂದ "ಆಮೆನ್" ಅಂದರು. ಎಲ್ಲ ಮುಗಿಯಿತು ಅನ್ನುವಾಗ ಜಗಲಿಯ ಮಂಚದಿಂದ ನಮ್ಮ ಯಜಮಾನರದೂ ದೊಡ್ಡದೊಂದು "ಆಮೆನ್" ಕೇಳಿಸಿತು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತಲೇ ಅಳುವೂ ಬಂದುಬಿಟ್ಟಿತು.

"ಇಷ್ಟ್ ವರ್ಸದಲ್ಲಿ ಇವತ್ತೇ ಕಣವ್ವಾ ನೀನು ನೆಟ್ಟಗೆ ಪ್ರಾರ್ಥನೆ ಮಾಡಿದ್ದು," ಎಂದರು ಅಜ್ಜ. "ಈಗ ಆ ಕುಡುಗೋಲು ಇತ್ಲಾಗೆ ಕೊಡು."

ಉಳಿದ ಜಪವನ್ನು ಎಲ್ಲರೂ ಬಗ್ಗಿಕೊಂಡೇ ಮುಗಿಸಿದೆವು, ಕೈಯಲ್ಲಿ ಸೊಪ್ಪು, ಬಾಯಲ್ಲಿ ನಮೋ ಮರಿಯಾ. ಅಜ್ಜ ಕುಯ್ಯುವುದು ನಿಧಾನ, ಜಪ ಹೇಳುವುದು ಮಾತ್ರ ರೈಲು ತಪ್ಪಿಹೋಗುತ್ತದೇನೋ ಎಂಬಂತೆ. ಅವರ ಜೊತೆ ಹೇಳಿಕೊಂಡು ಹೋಗುವಷ್ಟರಲ್ಲಿ ಎರಡು ಹೊತ್ತಿನ ಸೊಪ್ಪಾಗಿತ್ತು. ಮುಂದಿನ ಮನೆಗಳ ಸರದಿಯನ್ನೂ ಅಜ್ಜ ನಮ್ಮ ತೋಟಕ್ಕೇ ತಿರುಗಿಸಿದರು; ಆರು ದಿನ ಹೀಗೇ ನಡೆಯಿತು.

ಏಳನೆಯ ದಿನ ಇಡೀ ಕೇರಿ ಚನ್ನಪಟ್ಟಣಕ್ಕೆ ಮದುವೆಗೆ ಹೋಯಿತು. ಬೆಳಿಗ್ಗೆ ತೋಟದಲ್ಲಿ ನಾನೊಬ್ಬಳೇ ನಿಂತೆ. ಹಳೆಯ ಕೋಪ ಮತ್ತೆ ಬರುತ್ತದೆಂದು ಕಾದೆ. ಅಷ್ಟರಲ್ಲಿ ಬಾಯಿ ತಾನಾಗಿಯೇ ಜಪ ಶುರುಮಾಡಿತ್ತು. ನಡುನಡುವೆ ಯಜಮಾನರ ಕಾಲಿನ ವಿಷಯ ಹೇಳಿದೆ, ಒಂದೆರಡು ಮಾತು ಬೈದೆ, ಮತ್ತೆ ಜಪಕ್ಕೆ ಬಂದೆ. ಸಾಲು ಮೊದಲಿನಷ್ಟೇ ಉದ್ದ, ಹೊರೆ ಮೊದಲಿನಷ್ಟೇ ಭಾರ. ಆದರೂ ಒಬ್ಬಳೇ ಇದ್ದೇನೆ ಅನ್ನಿಸಲಿಲ್ಲ. ನನಗೆ ಬಹಳ ಸಂತೋಷವಾಯಿತು.

ಅದು ಕೊನೆಯ ಸೊಪ್ಪು. ಕೆಲವು ಹುಳಗಳು ಆಗಲೇ ಗೂಡು ಕಟ್ಟಲು ತಲೆ ಎತ್ತಿದ್ದವು. ಹೊರೆ ಇಳಿಸಿ, ಹುಳದ ಮನೆಯ ಬಾಗಿಲ ಮುಂದಿನ ಬಾನಿಯಲ್ಲಿ ಕಾಲು ತೊಳೆಯುವಾಗ ಅವತ್ತು ಹೇಳಿದ 'ಹೊರಗಿನೋರು' ಎಂಬ ಸುಳ್ಳು ನೆನಪಾಯಿತು. ನಾಚಿಕೆಯಾಗಿ ಒಂದು ಕಡೆ ಸರಿದು ದಾರಿ ಬಿಟ್ಟೆ.

"ಯೇಸಪ್ಪಾ, ನೀನು ಹೊರಗಿನೋನಲ್ಲ ಕಣಪ್ಪಾ," ಎಂದೆ. "ಕಾಲು ತೊಳ್ಕೊಂಡು ಬಾ ಒಳಕ್ಕೆ."