ಕೊಡಲಿ ಮುಟ್ಟದ ಆರೋಪಿ

ಕೊಡಲಿಯನ್ನು ಗುಡ್ಡದ ಮಾವಿನ ಬುಡಕ್ಕೆ ಒರಗಿಸಿ ನೆರೆಮನೆಯ ಡೊಂಬಯ್ಯ ಬೀಡಿ ಹಚ್ಚಿದ. ಕಡಿಯಲಿಲ್ಲ. ಕೆಳಗೆ ಅಂಗಳದಲ್ಲಿ ಮೇದಪ್ಪನ ಹೆಣಕ್ಕೆ ಬಿಳಿ ಅಂಗಿ ತೊಡಿಸಿದ್ದರು. ಮನೆಯಲ್ಲಿದ್ದ ಒಳ್ಳೆಯ ಅಂಗಿ ಅದೊಂದೇ, ಸುಳ್ಯದ ಕೋರ್ಟಿಗೆ ಹೋಗಲೆಂದು ಇಸ್ತ್ರಿ ಮಾಡಿಟ್ಟದ್ದು. ಈ ವಾರವೂ ವಾಯಿದೆ ಇತ್ತು.

ಮೇದಪ್ಪನ ಮಗ ಸುಜಯ್ ಗುಡ್ಡ ಹತ್ತಿ ಬಂದ.

“ಬೇಡ ಡೊಂಬಯ್ಯಣ್ಣ. ಇದು ಕುಮ್ಕಿ ಜಾಗ, ಮರ ಸರ್ಕಾರದ್ದು. ರಬ್ಬರ್ ಕಟ್ಟಿಗೆ ಉಂಟಲ್ಲ, ಅದರಲ್ಲೇ ಮುಗಿಸುವ.”

“ರಬ್ಬರಿನಲ್ಲಿ ಸುಡುದಾ? ನಿನ್ನ ಅಪ್ಪನನ್ನಾ?”

“ಮತ್ತೆ ಎಂತ ಮಾಡುದು? ಪುನಃ ಕೇಸಾದರೆ ಈ ಸಲ ನನ್ನ ಹೆಸರು. ಮನೆಯಲ್ಲಿ ಸಣ್ಣ ಮಗು ಉಂಟು ಮಾರಾಯ್ರೆ.”

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಚಿತೆಗೆ ಮಾವು ಕಡಿಯದ ಮನೆ ಐವರ್ನಾಡಿನಲ್ಲಿ ಹುಡುಕಿದರೂ ಸಿಗದು. ಕಡಿದದ್ದಕ್ಕೆ ಕೋರ್ಟು ಕಂಡ ಮನೆ ಮಾತ್ರ ಇದೊಂದೇ.

*

ವರ್ಷಗಳ ಹಿಂದೆ ಮೇದಪ್ಪನ ತಾಯಿ ತೀರಿಕೊಂಡಾಗಲೂ ತೋಟಕ್ಕೆ ತಾಗಿದ ಈ ಸರ್ಕಾರಿ ಕುಮ್ಕಿಯದೇ ಒಂದು ಮಾವು ಬಿದ್ದಿತ್ತು. ಸೂತಕದ ಮನೆಯವರು ಕೊಡಲಿ ಮುಟ್ಟುವ ಕ್ರಮವಿಲ್ಲ; ಕಡಿಯುವುದು ನೆರೆಕರೆಯವರ ಕೆಲಸ. ಕಡಿದವನು ಡೊಂಬಯ್ಯ.

ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಅರಣ್ಯ ಇಲಾಖೆಯ ಜೀಪು ಬಂತು.

“ಯಾರು ಕಡಿದದ್ದು?”

ಡೊಂಬಯ್ಯ ಬಾಯಿ ತೆರೆಯುವ ಮೊದಲೇ ಮೇದಪ್ಪ ಹೇಳಿದ: “ನಾನೇ. ನನ್ನ ಅಮ್ಮನಿಗಲ್ವಾ?”

ದಂಡ ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದ, ಪಾಪ. ಅದೇ ತಿಂಗಳು ಮೇಲಿನ ಗುಡ್ಡದಿಂದ ಲಾರಿಗಟ್ಟಲೆ ಮರ ಸಾಗಿಸಿದ ಕಂಟ್ರಾಕ್ಟುದಾರ ದಂಡ ಕಟ್ಟಿಯೇ ಪಾರಾಗಿದ್ದ. ಕಾನೂನಿನಲ್ಲಿ ಎರಡು ದಾರಿ ಇತ್ತು. ಯಾರಿಗೆ ಯಾವುದು ಎಂಬುದು ಅಧಿಕಾರಿಯ ಮರ್ಜಿ. ಮೇದಪ್ಪನಿಗೆ ಕೋರ್ಟಿನ ದಾರಿ ಸಿಕ್ಕಿತು. ಸರ್ಕಾರಿ ವಕೀಲರು ಮನಸ್ಸು ಮಾಡಿದ್ದರೆ ಕೇಸು ಹಿಂದೆ ತೆಗೆಯಬಹುದಿತ್ತು. ಮಾಡಲಿಲ್ಲ. ಯಾಕೆಂದು ಅವರನ್ನು ಕೇಳುವವರೂ ಇರಲಿಲ್ಲ.

“ನಿಜ ಹೇಳಿಬಿಡುವ ಮೇದಪ್ಪಣ್ಣ,” ಎಂದು ಸುಳ್ಯದ ಬಸ್ಸಿನಲ್ಲಿ ಪ್ರತಿ ಸಲವೂ ಡೊಂಬಯ್ಯ ಹೇಳುತ್ತಿದ್ದ.

“ಸುಮ್ಮನೆ ಕೂರು ಮಾರಾಯ. ಒಬ್ಬ ಅಲೆಯುದು ಸಾಲದಾ?”

ಅಲೆದು ಅಲೆದು ಮೇದಪ್ಪನ ತಲೆ ಬೆಳ್ಳಗಾಯಿತು. ಸಾಕ್ಷಿ ಹೇಳಬೇಕಾದ ಅಧಿಕಾರಿ ವರ್ಗವಾಗಿ ಹೋದ. ವಾಯಿದೆ ಮಾತ್ರ ತಪ್ಪಲಿಲ್ಲ.

*

ಡೊಂಬಯ್ಯ ಬೀಡಿ ಹೊಸಕಿ ಎದ್ದ.

“ನೀನು ಕೆಳಗೆ ಹೋಗು. ನೀನು ಎಂತದೂ ನೋಡ್ಲಿಲ್ಲ.”

ಮೊದಲ ಪೆಟ್ಟು ಅಂಗಳಕ್ಕೆ ಕೇಳಿಸಿತು. ಹೆಣದ ಪಕ್ಕ ಕೂತಿದ್ದ ಮೇದಪ್ಪನ ಹೆಂಡತಿ ದುಗ್ಗಮ್ಮ ತಲೆ ಎತ್ತಿದಳು. ಮತ್ತೆ ಬಗ್ಗಿ ಗಂಡನ ಅಂಗಿಯ ಗುಂಡಿ ಸರಿಮಾಡಿದಳು.

ಹಸಿ ಮಾವಿಗೆ ತೆಂಗಿನ ಗೆರಟೆ ಸುರಿದು, ಎಣ್ಣೆ ಹೊಯ್ದು, ಬೆಂಕಿ ಹಿಡಿಯುವ ಹೊತ್ತಿಗೆ ರಸ್ತೆಯಲ್ಲಿ ಜೀಪು ನಿಂತಿತು. ಸಾವಿಗೆ ಬಂದವರೆಲ್ಲ ಬೇರೆ ಬೇರೆ ದಿಕ್ಕಿಗೆ ನೋಡತೊಡಗಿದರು. ಇಳಿದು ಬಂದ ಫಾರೆಸ್ಟ್ ಗಾರ್ಡ್ ಬೂಟು ಕಳಚಿ ಚಿತೆಗೆ ಕೈಮುಗಿದ. ಆಮೇಲೆ ಗುಡ್ಡದ ಮೇಲಿನ ಹೊಸ ಬುಡವನ್ನು ನೋಡಿ ಮೆಲ್ಲಗೆ ಕೇಳಿದ: “ಕಡಿದದ್ದು ಯಾರು?”

ಸುಜಯ್ ಒಂದು ಹೆಜ್ಜೆ ಮುಂದೆ ಬಂದ. “ನಾನೇ. ನನ್ನ ಅಪ್ಪ...”

ಡೊಂಬಯ್ಯ ಅವನ ತೋಳು ಹಿಡಿದು ಹಿಂದಕ್ಕೆಳೆದ. ಕೈಯಲ್ಲಿದ್ದ ಮಾವಿನ ಸೊನೆ ಸುಜಯನ ಬರಿಮೈಗೆ ಅಂಟಿತು.

“ಇವನು ಕೊಡಲಿ ಮುಟ್ಲಿಲ್ಲ. ಇವನ ಅಪ್ಪನೂ ಮುಟ್ಲಿಲ್ಲ. ಎರಡು ಮರವೂ ನಾನೇ. ಬರ್ಕೊಳ್ಳಿ, ಡೊಂಬಯ್ಯ.”

ಗಾರ್ಡ್ ಪೆನ್ನಿನ ಮುಚ್ಚಳ ತೆಗೆದ. ಹೊಗೆ ಅವನ ಕಡೆಗೇ ತಿರುಗಿತ್ತು. ಕಣ್ಣೊರೆಸಿಕೊಳ್ಳುತ್ತ, ಇನ್ನೂ ಬರೆಯದೆ, ಬರಿಗಾಲಲ್ಲಿ ನಿಂತಿದ್ದ.