ಸತ್ತವನ ಓಟು

ಮಾಗಡಿ ಸೀಮೆಯ ಹಳ್ಳಿಯೊಂದರ ಮತಗಟ್ಟೆಯಲ್ಲಿ ಕೆಂಚಮ್ಮ ತನ್ನ ಪಕ್ಷದ ಏಜೆಂಟಾಗಿ ಕೂತಿದ್ದಳು. ಗುರುತಿಲ್ಲದ ಗಂಡಸೊಬ್ಬ ಬಂದು ಚೀಟಿ ಕೊಟ್ಟ. ಅಧಿಕಾರಿ ಹೆಸರು ಕೂಗಿದರು: “ಬೋರಲಿಂಗಯ್ಯ.”

ಕೆಂಚಮ್ಮ ದಡಕ್ಕನೆ ಎದ್ದಳು. “ಸಾ, ಅದು ನಮ್ಮೆಜಮಾನ್ರ ಹೆಸ್ರು. ಅವ್ರು ಹೋದ್ ಸುಗ್ಗೀಲೇ ತೀರ್ಕೊಂಡ್ರು. ಇವ್ನ್ಯಾರೋ ಕಳ್ಳ.”

ಅವನು ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ: “ಸುಮ್ಕಿರಕ್ಕ, ನಮ್ ಪಕ್ಷದೋರೇ ಕಳ್ಸಿರೋದು. ಓಟು ನಮ್ಗೇ ಬೀಳ್ತದೆ.”

“ಏನ್ಲಾ ಅಂದೆ?” ಕೆಂಚಮ್ಮನ ದನಿಗೆ ಹೊರಗಿನ ಸಾಲೆಲ್ಲ ತಿರುಗಿ ನೋಡಿತು. “ಸಾ, ಪೊಲೀಸ್ನೋರ್ನ ಕರೀರಿ,” ಎಂದವಳೇ ಅವನ ರಟ್ಟೆಯನ್ನು ಬಿಗಿಯಾಗಿ ಹಿಡಿದಳು. “ಮೂವತ್ತು ವರ್ಸ ನಾನು ಜಗಳ ಆಡುದ್ರೂ ಆವಯ್ಯ ನಮ್ ಪಕ್ಷಕ್ಕೆ ಒಂದೇ ಒಂದ್ ಓಟ್ ಹಾಕ್ನಿಲ್ಲ. ಸತ್ ಮೇಲೆ ಹಾಕ್ಸಕ್ಕೆ ನೀನ್ಯಾವೋನ್ಲಾ?”